ಬೆಲ್ಟಿನ ತುದಿ

ಲಕೋಟೆಯಲ್ಲಿ ಸಾವಿರದ ನೂರು ರಿಯಾಲು.
ಹಾಸಿಗೆಯ ಮೇಲೆ ಹರಡಿ ಒಮ್ಮೆ ಎಣಿಸಿದ್ದೆ,
ಬಸ್ಸಿನಲ್ಲಿ ಬ್ಯಾಗಿನೊಳಗೇ ಬೆರಳಾಡಿಸಿ ಇನ್ನೆರಡು ಸಲ.
ಬ್ಯಾಂಕಿನ ಸಾಲ ಬೇಡವೆಂದವಳು ನಾನೇ;
ಸಾಲವೆಂದರೆ ರಜೆಗೆ ಹೊರಟಾಗಲೂ
ಸೂಟ್‌ಕೇಸಿನೊಳಗೆ ಬಂದು ಕೂರುವ ನೆಂಟ.

ರುಸ್ತಾಕಿನಿಂದ ಮೇಲೆ, ಗುಡ್ಡದ ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗ.
ದಾರಿ ಮೂರು ಕಡೆ ವಾದಿ ದಾಟುತ್ತದೆ,
ಡಾಂಬರು ಎರಡನೆಯದಕ್ಕೇ ಕೈಚೆಲ್ಲುತ್ತದೆ.
"ನಾಲ್ಕೂ ಚಕ್ರ ಎಳೆಯುವಂಥದ್ದೇ ಬೇಕು ಸಿಸ್ಟರ್,"
ಅಂದ ಗ್ಯಾರೇಜಿನ ಪೊಡಿಯಬ್ಬ, ಉಪ್ಪಿನಂಗಡಿಯವನು,
ಇಪ್ಪತ್ತೆರಡು ವರ್ಷದಿಂದ ಇಲ್ಲಿ ಉಗುರಲ್ಲಿ ಗ್ರೀಸು ಸಾಕಿದವನು.

ಶುಕ್ರವಾರ ಬೆಳಿಗ್ಗೆ, ಬರ್ಕಾದ ಬಯಲು.
"ಫುಲ್ ಆಪ್ಶನ್, ಲೇಡಿ ಡ್ರೈವರ್, ಒಂದೂ ಗೀರಿಲ್ಲ."
ಈ ದೇಶದ ಎಲ್ಲ ಗಾಡಿಗಳನ್ನೂ ಹೆಂಗಸರೇ ಓಡಿಸಿದ್ದಂತೆ,
ಎಲ್ಲ ಹೆಂಗಸರೂ ಬರೀ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಬಂದದ್ದಂತೆ.

ಮುತ್ತಿನ ಬಿಳಿಯ ಪಜೇರೋ, ಸಾವಿರಕ್ಕೇ ಕೊಡುತ್ತೇನೆಂದ.
ನನ್ನ ಜೀವ ಅಲ್ಲೇ ಕೂತಿತು.
ಚರ್ಮದ ಸೀಟು, ಊದಿನ ಪರಿಮಳ,
ಡ್ಯಾಶ್‌ಬೋರ್ಡಿಗೆ ತುಪ್ಪ ಸವರಿದಂಥ ಹೊಳಪು.
ಬಾನೆಟ್ಟಿಗೆ ಅಂಗೈ ಇಟ್ಟೆ, ಮಗುವಿನ ಹಣೆಗಿಡುವ ಹಾಗೆ.
ನೆರಳಲ್ಲಿ ನಿಂತದ್ದು, ಆದರೂ ಬಿಸಿ.
ನಾವು ಬರುವ ಮೊದಲೇ ಎಬ್ಬಿಸಿ ಇಟ್ಟಿದ್ದಾರೆ;
ಡಾಕ್ಟರು ರೌಂಡ್ಸಿಗೆ ಬರುವ ಮುಂಚೆ
ಮುಖ ತೊಳೆಸಿ, ತಲೆ ಬಾಚಿ, ದಿಂಬಿಗೊರಗಿಸುತ್ತೇವಲ್ಲ,
ಹಾಗೆ.

ಪೊಡಿಯಬ್ಬ ಎಂಜಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ.
ಹಿಂದಿನ ಸೀಟಿನ ಬೆಲ್ಟು ಹಿಡಿದು ಎಳೆದ,
ಎಳೆದ, ಬಾವಿಯಿಂದ ನೀರು ಸೇದುವವನ ಹಾಗೆ,
ಯಾರ ಹೊಟ್ಟೆಗೂ ಬೇಕಾಗದಷ್ಟು ಉದ್ದಕ್ಕೆ.
ಕೊನೆಯ ಮೊಳದಲ್ಲಿ ಬಂತು ಒಂದು ಕಂದು ಗೆರೆ,
ಅದರಾಚೆ ಒಣಗಿದ ಕೆಸರು, ಕೆರೆದರೆ ಪುಡಿ.
"ತೂಫಾನಿನ ನೀರು ಕುಡಿದ ಗಾಡಿ," ಅಂದ ತುಳುವಿನಲ್ಲಿ,
ಮಾರುವವನ ಕಡೆ ನಗುತ್ತಲೇ.

ಆ ರಾತ್ರಿ ನಾನೂ ಕರಾವಳಿಯಲ್ಲಿದ್ದೆ, ಬಾಡಿಗೆ ಕೋಣೆಯಲ್ಲಿ,
ಕಪಾಟಿನ ಮೇಲೆ ಮೊಣಕಾಲು ಮಡಚಿಕೊಂಡು.
ಆಮೇಲೆ ಎರಡು ಸಲ ಬಣ್ಣ ಬಳಿಸಿದ ಮಾಲೀಕ.
ಮಂಚದ ಎತ್ತರದ ಗೆರೆ ಮಾತ್ರ
ಪ್ರತಿ ಸೆಕೆಗೂ ಗೋಡೆಯೊಳಗಿಂದ ಬೆವರಿತು.

ಇನ್ನೂ ಮೂರು ನೋಡಿದೆವು. ಒಂದರ ಬೆನ್ನೆಲುಬಿಗೆ ಬೆಸುಗೆ,
ಒಂದಕ್ಕೆ ನೀಲಿ ಹೊಗೆ.
ಮೂರನೆಯದರ ದಲ್ಲಾಳಿ ಪೊಡಿಯಬ್ಬನನ್ನು ಕಂಡದ್ದೇ
ಬೀಗದ ಕೈ ಜೇಬಿಗೆ ಹಾಕಿಕೊಂಡ.

ಸಿಕ್ಕಿದ್ದು ಬಯಲಿನಲ್ಲಲ್ಲ.
ಸುಡಾನಿನ ಗಣಿತದ ಮೇಷ್ಟ್ರು, ಅಲ್ತಯ್ಯಿಬ್ ಎಂದು ಹೆಸರು,
ಕೆಲಸ ಮುಗಿದು ಊರಿಗಲ್ಲದ ಇನ್ನೆಲ್ಲಿಗೋ ಹೊರಟವರು.
"ತಣ್ಣಗಿರುವಾಗಲೇ ಬನ್ನಿ," ಅಂದರು ಅವರೇ.
ಇಪ್ಪತ್ತು ವರ್ಷದ ಪ್ರಾಡೋ. ಬಿಸಿಲು ನೆತ್ತಿಯ ಬಣ್ಣ ನೆಕ್ಕಿದೆ,
ಎಡಗಡೆ ಹಿಂದಿನ ಗಾಜು ಇಳಿಯುವುದಿಲ್ಲ,
ಏಸಿ ಮುಂದಿನವರಿಗಷ್ಟೇ ಕರುಣೆ ತೋರುತ್ತದೆ;
ನಾವು ಕೇಳದೆಯೇ ಒಂದೊಂದಾಗಿ ತಾವೇ ಹೇಳಿದರು.
ಆಯಿಲು ಬದಲಿಸಿದ ದಿನಗಳೆಲ್ಲ
ಶಾಲೆಯ ಚೌಕಳಿ ಪುಸ್ತಕದಲ್ಲಿ, ಹಸಿರು ಶಾಯಿಯಲ್ಲಿ.
ಕೀಲಿ ತಿರುಗಿಸಿದೆ. ಒಮ್ಮೆ ಕೆಮ್ಮಿತು,
ಮತ್ತೆ ತನ್ನ ಪಾಡಿಗೆ ತಾನು ಉಸಿರಾಡತೊಡಗಿತು.

ಈ ಸಲ ಬೆಲ್ಟು ಎಳೆದವಳು ನಾನು.
ಹೊರಗಿನ ಭಾಗ ಬೂದಿಯಾಗಿ ಬಿಳಚಿತ್ತು,
ಕೊನೆಯ ಮೊಳ ಮಾತ್ರ ಕಪ್ಪು, ಗರಿಗರಿ,
ಹೊಲಿದ ದಿನದ ಹಾಗೆ.

ಅವರು ಹೇಳಿದ್ದು ಸಾವಿರದ ಇನ್ನೂರು.
ಪೊಡಿಯಬ್ಬ ಏಸಿಯ ಬಗ್ಗೆ ಅರ್ಧ ಗಂಟೆ ದುಃಖಿಸಿದ.
ಸಾವಿರದ ಅರವತ್ತಕ್ಕೆ ಮೇಷ್ಟ್ರು ಕನ್ನಡಕ ಒರೆಸಿಕೊಂಡರು.
ಉಳಿದ ನಲವತ್ತು ಬ್ಯಾಟರಿಗೆ, ಕಾಗದಪತ್ರಕ್ಕೆ.
ಪೊಡಿಯಬ್ಬ ತನಗೆಂದು ಒಂದು ಚಹಾ ಮಾತ್ರ ಕುಡಿದ.

ಮೊನ್ನೆ ಎರಡನೆಯ ವಾದಿಗೆ ನೀರು ಬಂದಿತ್ತು.
ಅಳತೆಯ ಕಂಬದ ಕೆಂಪು ಕಾಣಲಿಲ್ಲ.
ಆಚೆ ದಡದಲ್ಲಿ ಹುಡುಗರು ಕೈ ಬೀಸಿ ಕರೆದರು:
ಬಾ, ದೊಡ್ಡ ಗಾಡಿಯಲ್ಲವೇ, ಬಾ.
ನಾಲ್ಕೂ ಚಕ್ರ ಎಳೆಯುತ್ತವೆ, ನಿಜ.
ಎಂಜಿನ್ನು ಆರಿಸಿದೆ, ಸೀಟು ಹಿಂದೊರಗಿಸಿ
ಚಪಾತಿಯ ಡಬ್ಬಿ ಬಿಚ್ಚಿದೆ.
ಇದರ ಬೆಲ್ಟನ್ನೂ ಒಂದು ದಿನ
ಯಾರೋ ತುದಿಯವರೆಗೆ ಎಳೆದು ನೋಡುವವರಿದ್ದಾರೆ.